ಮಗುವಿನ ಕಿವಿ ಕೇಳುವುದೆ? ನರಗಳು ಕೊಡುವ ಉತ್ತರ

ವಯಸ್ಕರ ಶ್ರವಣಶಕ್ತಿಯನ್ನು ಪರೀಕ್ಷಿಸುವುದು ಕಷ್ಟವಲ್ಲ. ಬಗೆಬಗೆಯ ಧ್ವನಿಗಳನ್ನು ಹೊರಡಿಸಿ, ಕೇಳಿಸಿತೆ ಎಂದು ವಿಚಾರಿಸಿದರಾಯಿತು. ಆದರೆ ಹತ್ತು ದಿನದ ಶಿಶುವನ್ನು ಹೀಗೆ ಪ್ರಶ್ನಿಸುವುದೆಂತು? ಅದು ಕಿವುಡಾಗಿದ್ದರೆ, ಮಾತು ಬಾರದಿರುವುದನ್ನು ಕಂಡು ಹೆತ್ತವರು ಎಚ್ಚರಗೊಳ್ಳುವ ವೇಳೆಗೆ ಭಾಷೆ ಬೇರೂರಬೇಕಾದ ಕಾಲವೇ ಕಳೆದುಹೋಗಿರಬಹುದು. ಆದ್ದರಿಂದ ಶಿಶುವಿನ ಬದಲು ಅದರ ನರಗಳನ್ನೇ ಪ್ರಶ್ನಿಸಬೇಕು.

ಧ್ವನಿಯಿಂದ ಕಿವಿಯ ತಮಟೆ ಕಂಪಿಸುತ್ತದೆ. ನಡುಗಿವಿಯ ಮೂರು ಕಿರುಮೂಳೆಗಳು ಆ ಕಂಪನವನ್ನು ಒಳಗಿವಿಗೆ ಮುಟ್ಟಿಸುತ್ತವೆ. ಅಲ್ಲಿ ಹುಟ್ಟಿದ ನರಸ್ಪಂದನವು ಶ್ರವಣನರದ ಮೂಲಕ ಮಿದುಳುಕಾಂಡವನ್ನು ಸೇರಿ ಮೇಲೇರುತ್ತದೆ. ಅಸಂಖ್ಯ ನರತಂತುಗಳು ಏಕಕಾಲದಲ್ಲಿ ಸ್ಪಂದಿಸುವುದರಿಂದ ತಲೆಯ ಚರ್ಮದ ಮೇಲೂ ಅತಿ ಸೂಕ್ಷ್ಮವಾದ ವಿದ್ಯುದಲೆಗಳು ತೋರುತ್ತವೆ. 1971ರಲ್ಲಿ ಜ್ಯೂಯೆಟ್ ಮತ್ತು ವಿಲಿಸ್ಟನ್ ಎಂಬ ಅಮೆರಿಕದ ವಿಜ್ಞಾನಿಗಳು ಮನುಷ್ಯರಲ್ಲಿ ಈ ಅಲೆಗಳನ್ನು ವಿವರವಾಗಿ ವರ್ಣಿಸಿ, ಅವುಗಳಿಗೆ ಒಂದರಿಂದ ಏಳರವರೆಗೆ ಕ್ರಮಾಂಕ ಕೊಟ್ಟರು. ಇವೆಲ್ಲವೂ ಧ್ವನಿ ಹೊರಟ ಸುಮಾರು 10 ಮಿಲಿಸೆಕೆಂಡುಗಳೊಳಗೆ ಮುಗಿದುಹೋಗುತ್ತವೆ.

ಇಲ್ಲೊಂದು ತೊಡಕುಂಟು. ಐದನೆಯ ಅಲೆಯ ಎತ್ತರ ಸುಮಾರು ಅರ್ಧ ಮೈಕ್ರೋವೋಲ್ಟು, ಎಂದರೆ ಒಂದು ವೋಲ್ಟಿನ ಇಪ್ಪತ್ತು ಲಕ್ಷದಲ್ಲೊಂದು ಪಾಲು. ಮಿದುಳಿನ ಇತರ ಚಟುವಟಿಕೆಗಳಿಂದಲೂ ಸ್ನಾಯುಗಳಿಂದಲೂ ಏಳುವ ವಿದ್ಯುತ್ತಿನ ಗದ್ದಲ ಇದಕ್ಕಿಂತ ಎಷ್ಟೋ ಪಾಲು ದೊಡ್ಡದು. ಇದರ ನಡುವೆ ಅಲೆಯನ್ನು ಗುರುತಿಸುವುದು ಹೇಗೆ?

ಉಪಾಯ ಸರಳವಾದುದು. ಮಗು ಮಲಗಿರುವಾಗ ಹಣೆಗೂ ಕಿವಿಗಳ ಹಿಂಭಾಗಕ್ಕೂ ವಿದ್ಯುದಗ್ರಗಳನ್ನು ಅಂಟಿಸಿ, ಕಿವಿಯಲ್ಲಿ 'ಟಿಕ್' ಎಂಬ ಕಿರುಧ್ವನಿಯನ್ನು 2000 ಸಲ ಹೊರಡಿಸುತ್ತಾರೆ. ಪ್ರತಿಯೊಂದು ಧ್ವನಿಯ ಅನಂತರದ ವಿದ್ಯುತ್ತನ್ನು ಅಳೆದು, ಗಣಕಯಂತ್ರವು ಎಲ್ಲದರ ಸರಾಸರಿ ತೆಗೆಯುತ್ತದೆ. ನರಗಳ ಉತ್ತರ ಪ್ರತಿ ಸಲವೂ ಅದೇ ಕ್ಷಣಕ್ಕೆ ಬರುವುದರಿಂದ ಸರಾಸರಿಯಲ್ಲಿ ಹಾಗೆಯೇ ಉಳಿಯುತ್ತದೆ. ಗದ್ದಲವಾದರೋ ಒಮ್ಮೆ ಧನ, ಒಮ್ಮೆ ಋಣ. ಅಳತೆಗಳ ಸಂಖ್ಯೆಯ ವರ್ಗಮೂಲಕ್ಕೆ ವಿಲೋಮವಾಗಿ ಅದು ಕುಗ್ಗುತ್ತದೆ. 2000ದ ವರ್ಗಮೂಲ ಸುಮಾರು 45. ಗದ್ದಲ 10 ಮೈಕ್ರೋವೋಲ್ಟಿದ್ದರೆ 0.22ಕ್ಕೆ ಇಳಿಯುತ್ತದೆ, ಅರ್ಧ ಮೈಕ್ರೋವೋಲ್ಟಿನ ಅಲೆ ಅದರ ಮೇಲೆ ತಲೆಯೆತ್ತುತ್ತದೆ.

ಧ್ವನಿಯ ವೇಗವನ್ನೂ ಎಚ್ಚರದಿಂದ ಆರಿಸಬೇಕು. ನಮ್ಮ ಮನೆಗಳ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದು. ಸೆಕೆಂಡಿಗೆ 25 ಸಲ 'ಟಿಕ್' ಎನಿಸಿದರೆ ಪ್ರತಿ ಎರಡು ಧ್ವನಿಗಳ ನಡುವೆ ಸರಿಯಾಗಿ ಎರಡು ಆವರ್ತಗಳು ಮುಗಿದು, ಆ ಗದ್ದಲವೂ ಉತ್ತರದಂತೆಯೇ ಉಳಿದುಬಿಡುತ್ತದೆ! ಆದಕಾರಣ 21.1ರಂಥ ವೇಗವನ್ನು ಬಳಸುವುದುಂಟು. 2000 ಅಳತೆಗಳಿಗೆ ಸುಮಾರು ಒಂದೂವರೆ ನಿಮಿಷ ಸಾಕು.

ಧ್ವನಿಯನ್ನು ತಗ್ಗಿಸುತ್ತ ಹೋದಂತೆ ಐದನೆಯ ಅಲೆ ಕಿರಿದಾಗಿ, ತಡವಾಗಿ ಬರುತ್ತದೆ, ಕೊನೆಗೆ ಕಾಣದಾಗುತ್ತದೆ. ಅದು ಕಾಣುವ ಅತಿ ಕಡಮೆ ಮಟ್ಟದಿಂದ ಶ್ರವಣಶಕ್ತಿಯನ್ನು ಅಂದಾಜು ಮಾಡಬಹುದು. ಒಂದನೆಯ ಅಲೆಗೂ ಐದನೆಯದಕ್ಕೂ ನಡುವಣ ಅಂತರ ವಯಸ್ಕರಲ್ಲಿ ಸುಮಾರು 4 ಮಿಲಿಸೆಕೆಂಡು. ಅದು ಹಿಗ್ಗಿದ್ದರೆ ದೋಷವು ನರಮಾರ್ಗದಲ್ಲಿರಬಹುದು. ಅಂತರ ಸರಿಯಾಗಿದ್ದು ಎಲ್ಲ ಅಲೆಗಳೂ ಒಂದೇ ಸಮನಾಗಿ ತಡವಾದರೆ ನಡುಗಿವಿಯನ್ನು ಶಂಕಿಸಬೇಕು.

ಈ ಪರೀಕ್ಷೆಗೂ ಮಿತಿಯಿದೆ. 'ಟಿಕ್' ಧ್ವನಿಯು ಮುಖ್ಯವಾಗಿ ಉಚ್ಚ ಆವೃತ್ತಿಗಳ ಶ್ರವಣವನ್ನು ತಿಳಿಸುತ್ತದೆ. ತಗ್ಗುಸ್ವರಗಳಿಗೆ ಬೇರೆ ಧ್ವನಿಗಳು ಬೇಕು. ಸುದ್ದಿ ಮಿದುಳುಕಾಂಡದವರೆಗೆ ಸಾಗಿತೆಂದು ತಿಳಿಯಬಹುದೇ ಹೊರತು, ಮಗು ಅದನ್ನು ಅರಿತುಕೊಂಡಿತೆಂದು ಹೇಳಲಾಗದು. ಆದರೂ ಇದರ ಉಪಕಾರ ಅಲ್ಪವಲ್ಲ. ಒಂದು ತಿಂಗಳೊಳಗೆ ಮೊದಲ ತಪಾಸಣೆ, ಮೂರು ತಿಂಗಳೊಳಗೆ ದೋಷದ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆ ಅಥವಾ ಶ್ರವಣಸಾಧನ: ಇದು ಇಂದು ತಜ್ಞರು ಮುಂದಿಟ್ಟಿರುವ ಗುರಿ. ಮಾತು ಬಾರದ ಶಿಶುವಿನಿಂದ ಉತ್ತರ ಪಡೆಯುವ ಈ ವಿಧಾನವಿಲ್ಲದಿದ್ದರೆ ಅಷ್ಟು ಬೇಗ ನಿರ್ಣಯಕ್ಕೆ ಬರುವುದು ದುಸ್ಸಾಧ್ಯವಾಗುತ್ತಿತ್ತು.