ಸೇವಾಯಾತ್ರೆಯಲ್ಲಿ ದಾಸೋಹಭಾವ

ಜಂಗಮವೆಂಬ ಶಬ್ದವು ಸಂಸ್ಕೃತದ ‘ಗಮ್’ ಧಾತುವಿನಿಂದ ಹುಟ್ಟಿದುದು. ಹೋಗುವುದು, ಚಲಿಸುವುದು ಎಂಬುದು ಅದರ ಮೂಲಾರ್ಥ. ಆದರೆ ಕಾಲು ಚಲಿಸಿದ ಮಾತ್ರಕ್ಕೆ ಯಾರೂ ಜಂಗಮರೆನಿಸುವುದಿಲ್ಲ. ಸಂತೆಯಿಂದ ಸಂತೆಗೆ ಹೋಗುವ ವ್ಯಾಪಾರಿಯೂ ಚಲಿಸುತ್ತಾನೆ. ಗಾಳಿಗೆ ಸಿಕ್ಕ ತರಗೆಲೆಯೂ ಚಲಿಸುತ್ತದೆ. ಹೋದೆಡೆಯಲ್ಲಿ ಅರಿವನ್ನು ಹಂಚಿ, ಅಲ್ಲಿಯ ಅರಿವನ್ನು ತಾನೂ ಪಡೆದು, ಯಾರಿಗೂ ಹೊರೆಯಾಗದೆ ಮುಂದೆ ಸಾಗುವ ನಡೆಗೆ ನಮ್ಮ ಹಿರಿಯರು ಆ ಹೆಸರನ್ನಿತ್ತರು. ಈ ಅರ್ಥವನ್ನು ಮನದಲ್ಲಿಟ್ಟುಕೊಂಡು, ವಿದ್ಯಾರ್ಥಿಗಳ ಸೇವಾಪ್ರವಾಸವೆಂಬ ವಿಷಯವನ್ನು ಈ ಸಲ ವಿಚಾರಿಸೋಣ.

ಹುಬ್ಬಳ್ಳಿಯ ಅಂಚಿನ ನಮ್ಮ ಗಬ್ಬೂರ ಪುಣೆ-ಬೆಂಗಳೂರು ಹೆದ್ದಾರಿಯ ಮಗ್ಗುಲಲ್ಲಿದೆ. ದೀಪಾವಳಿ ಕಳೆದು ಚಳಿ ಬಿದ್ದಿತೆಂದರೆ ಶಾಲಾಮಕ್ಕಳನ್ನು ತುಂಬಿಕೊಂಡ ಬಸ್ಸುಗಳು ಹಗಲಿರುಳೂ ಈ ದಾರಿಯಲ್ಲಿ ಸಾಗುತ್ತವೆ. ಇತ್ತೀಚಿನ ವರ್ಷಗಳಲ್ಲಿ ಬರಿಯ ಸ್ಥಳದರ್ಶನದ ಪ್ರವಾಸದ ಜೊತೆಗೆ ಇನ್ನೊಂದು ಬಗೆ ಸೇರಿಕೊಂಡಿದೆ. ನಾಲ್ಕು ದಿನ ಹಳ್ಳಿಯಲ್ಲಿ ಸೇವೆ, ಎರಡು ದಿನ ಗುಡಿ-ಗುಹೆಗಳ ದರ್ಶನ, ಕಡೆಗೊಂದು ದಿನ ಬೆಟ್ಟ ಹತ್ತುವ ಅಥವಾ ಹೊಳೆಯಲ್ಲಿ ದೋಣಿ ಏರುವ ಸಾಹಸ. ಕಳೆದ ಶ್ರಾವಣದಲ್ಲಿ ಮಠಕ್ಕೆ ಬಂದ ಗೃಹಸ್ಥರೊಬ್ಬರು ನನ್ನನ್ನು ನೇರವಾಗಿ ಕೇಳಿದರು: “ಮಾಸ್ತರ್ರ, ಮಗ ಹೊಂಟೇನಂತಾನ. ಇದು ಸೇವಾನೋ ಮೋಜೋ? ಕಳಸಬೇಕೋ ಬ್ಯಾಡೋ, ಹೇಳ್ರಿ.”

ಕಳಿಸಬೇಕು ಎಂಬುದೇ ನನ್ನ ಉತ್ತರ. ಆದರೆ ಅದಕ್ಕೊಂದು ನಿಯಮವುಂಟು. ಆ ನಿಯಮವನ್ನು ನಾನು ಗ್ರಂಥದಿಂದ ಕಲಿತವನಲ್ಲ, ತಪ್ಪಿನಿಂದ ಕಲಿತವನು. ಅದನ್ನು ಹೇಳುವ ಮೊದಲು ಈ ಪದ್ಧತಿಯ ಪೂರ್ವೇತಿಹಾಸವನ್ನು ಸಂಕ್ಷೇಪವಾಗಿ ನೋಡುವುದು ಉಚಿತ.

ಇದು ಹೊರಗಿನಿಂದ ಬಂದ ಹೊಸ ಹವ್ಯಾಸವೆಂದು ಕೆಲವರು ಭಾವಿಸಿದ್ದಾರೆ. ವಾಸ್ತವವಾಗಿ ಇದರ ಒಂದು ಬೇರು ನಮ್ಮ ಹುಬ್ಬಳ್ಳಿಯಲ್ಲಿಯೇ ಇದೆ. ಅಮೆರಿಕೆಯಲ್ಲಿ ಓದಿ ಬಂದ ಡಾ. ನಾ. ಸು. ಹರ್ಡೀಕರರು ಹುಬ್ಬಳ್ಳಿಯನ್ನು ನೆಲೆಯಾಗಿಸಿಕೊಂಡು ತರುಣರನ್ನು ಕೂಡಿಸಿದರು. 1923ರಲ್ಲಿ ಹಿಂದುಸ್ತಾನಿ ಸೇವಾದಳವು ರೂಪುಗೊಂಡಿತು. ಮರುವರ್ಷ, 1924ರ ಡಿಸೆಂಬರಿನಲ್ಲಿ, ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನೆರೆಯಿತು. ಮಹಾತ್ಮಾ ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ ಏಕಮಾತ್ರ ಅಧಿವೇಶನವದು. ಅಲ್ಲಿ ಸೇವಾದಳದ ಸ್ವಯಂಸೇವಕರು ವ್ಯವಸ್ಥೆಯ ಭಾರ ಹೊತ್ತರು. ಕಾಕಾ ಕಾಲೇಲಕರರ ಮುಂದಾಳತನದ ತಂಡವು, ಅಂದಿನ ಸಮಾಜ ಕೀಳೆಂದು ದೂರವಿಟ್ಟಿದ್ದ ಶೌಚಕೂಪಗಳ ಶುಚಿಯ ಕೆಲಸವನ್ನು ಸ್ವಂತ ಕೈಯಿಂದ ಮಾಡಿತು. ದೂರದೂರುಗಳಿಂದ ಬಂದ ತರುಣರು ದೇಶದ ನಾಯಕರನ್ನು ಕಣ್ಣಾರೆ ಕಂಡರು. ಆದರೆ ಕೈಯಲ್ಲಿ ಕಸಬರಿಗೆ ಹಿಡಿದುಕೊಂಡು ಕಂಡರು.

ಯುರೋಪಿನಲ್ಲಿಯೂ ಸರಿಸುಮಾರು ಅದೇ ಕಾಲಕ್ಕೆ ಇಂಥ ಪ್ರಯತ್ನ ನಡೆಯಿತು. ಸ್ವಿಟ್ಜರ್ಲೆಂಡಿನ ಪಿಯೆರ್ ಸೆರೆಸೋಲರು 1920ರಲ್ಲಿ, ಮಹಾಯುದ್ಧದಿಂದ ನೆಲಸಮವಾಗಿದ್ದ ಫ್ರಾನ್ಸಿನ ಒಂದು ಗ್ರಾಮದಲ್ಲಿ, ಬೇರೆ ಬೇರೆ ದೇಶದವರನ್ನು ಕಲೆಹಾಕಿ ಮನೆಗಳನ್ನು ಕಟ್ಟಲು ತೊಡಗಿದರು. 1934ರ ಬಿಹಾರದ ಭೂಕಂಪದ ತರುವಾಯ ಅವರು ನಮ್ಮ ದೇಶಕ್ಕೂ ಬಂದು ಹಳ್ಳಿಗಳ ಪುನರ್ನಿರ್ಮಾಣಕ್ಕಾಗಿ ದುಡಿದರು. ಮುಂದೆ ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು, ಭಾರತದ 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಆರಂಭವಾಯಿತು. ಅದರ ಸ್ವಯಂಸೇವಕನು ಎರಡು ವರ್ಷಗಳಲ್ಲಿ 240 ತಾಸು ಸೇವೆ ಸಲ್ಲಿಸಬೇಕು. ಜೊತೆಗೆ ಗ್ರಾಮದಲ್ಲಿ 7 ದಿನಗಳ ವಿಶೇಷ ಶಿಬಿರವುಂಟು. ಕೋನಾರ್ಕದ ರಥಚಕ್ರವೇ ಅದರ ಲಾಂಛನ. ಚಕ್ರದ ಎಂಟು ಅರಗಳು ದಿನದ ಎಂಟು ಪ್ರಹರಗಳನ್ನು ಸೂಚಿಸುತ್ತವೆ. ಅಂದರೆ ಸೇವೆಗೆ ಹೊತ್ತುಗೊತ್ತಿಲ್ಲವೆಂದು ಭಾವ.

ಹೀಗೆ ಪದ್ಧತಿ ಒಳ್ಳೆಯದೇ. ಕೆಡುವುದು ಎಲ್ಲಿ? ಇಲ್ಲಿ ನನ್ನ ಅನುಭವವನ್ನು ನಿವೇದಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳು ಹಾಗೂ ಶಿಕ್ಷಕರು ಕೂಡಿ 45 ಜನ ಬೆಳವಲದ ಒಂದು ಹಳ್ಳಿಗೆ ಹೋಗಿದ್ದೆವು. ಮೂರು ದಿನ ಅಲ್ಲಿದ್ದು ಶಾಲೆಯ ಗೋಡೆಗೆ ಬಣ್ಣ ಹಚ್ಚಿದೆವು, ಗಿಡ ನೆಟ್ಟೆವು, ಬೀಳ್ಕೊಡುಗೆಯ ಸಭೆಯಲ್ಲಿ ಹಾರ ಹಾಕಿಸಿಕೊಂಡೆವು. ಹುಡುಗರು ಎಡಬಿಡದೆ ಚಿತ್ರ ತೆಗೆದರು. ಬಸ್ಸು ಹೊರಡುವ ಹೊತ್ತಿಗೆ ಕಟ್ಟೆಯ ಮೇಲೆ ಕುಳಿತಿದ್ದ ಅಜ್ಜಿಯೊಬ್ಬಳು ನನ್ನನ್ನು ಹತ್ತಿರಕ್ಕೆ ಕರೆದಳು.

“ಸಾಲಿ ಗ್ವಾಡಿಗೆ ಬಣ್ಣ ಛಲೋ ಹಚ್ಚೀರಿ, ಮಾಸ್ತರ್ರ. ಖರೆ, ನಿಮ್ಮ ಹುಡುಗರ ಜಳಕಕ್ಕ ನಮ್ಮ ಸೊಸೆಂದ್ರು ಮೂರು ದಿನ ನೀರು ಹೊತ್ತು ನಡಾ ಮುರಕೊಂಡ್ರು. ನೀವು ಸೇವಾ ಮಾಡಾಕ ಬಂದಿದ್ರೋ, ಮಾಡಿಸ್ಕೊಳ್ಳಾಕ ಬಂದಿದ್ರೋ?”

ನನ್ನ ಬಾಯಿಂದ ಮಾತು ಹೊರಡಲಿಲ್ಲ. ಬಸ್ಸಿನಲ್ಲಿ ಕುಳಿತು ಲೆಕ್ಕ ಹಾಕಿದೆ. ತಲೆಗೆ ದಿನಕ್ಕೆ 3 ಕೊಡವೆಂದರೆ 45 ಜನಕ್ಕೆ 135 ಕೊಡ. ಮೂರು ದಿನಕ್ಕೆ 405 ಕೊಡ. ನೀರಿನ ಬರವಿರುವ ಊರಿನಲ್ಲಿ, ನಮ್ಮ ಪುಣ್ಯಕಾರ್ಯಕ್ಕಾಗಿ, ಯಾರದೋ ಮನೆಯ ಹೆಣ್ಣುಮಕ್ಕಳು ಅಷ್ಟು ನೀರು ಹೊತ್ತಿದ್ದರು. ನಾವು ನೆಟ್ಟ ಗಿಡಗಳಿಗೂ ಅವರೇ ನೀರು ಹಾಕಬೇಕಿತ್ತು. ಬೇಸಿಗೆಯಲ್ಲಿ ಅವು ಒಣಗಿದವೆಂದು ಆಮೇಲೆ ತಿಳಿಯಿತು. ಶಾಲೆಗೆ ಬೇಕಾಗಿದ್ದುದು ಬಣ್ಣವಲ್ಲ, ಸೋರುವ ಮಾಡಿಗೆ ಹೆಂಚು ಎಂಬುದೂ ತಿಳಿಯಿತು. ಅದನ್ನು ಕೇಳುವ ವ್ಯವಧಾನ ನಮಗಿರಲಿಲ್ಲ. ತರಗತಿಯಲ್ಲಿ ಇಪ್ಪತ್ತೈದು ವರ್ಷ ದಾಸೋಹದ ಅರ್ಥ ಹೇಳಿದವನಿಗೆ ಕಟ್ಟೆಯ ಮೇಲಿನ ಅಜ್ಜಿ ಅದರ ಅರ್ಥ ಹೇಳಿದಳು.

ದಾನಕ್ಕೂ ದಾಸೋಹಕ್ಕೂ ಇರುವ ಅಂತರವು ಭಕ್ತರಿಗೆ ತಿಳಿದುದೇ. ದಾನದಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ. ಯಜಮಾನನಿಗೆ ಏನು ಬೇಕೆಂದು ಕೇಳದೆ ತನಗೆ ತೋಚಿದುದನ್ನು ಮಾಡುವ ದಾಸನುಂಟೇ? ‘ನಾನು ಮಾಡಿದೆ’ನೆಂಬ ಭಾವ ಮೂಡಿದರೆ ಮಾಡಿದುದೆಲ್ಲ ಕೆಡುವುದೆಂದು ಶರಣರು ಮತ್ತೆ ಮತ್ತೆ ಎಚ್ಚರಿಸಿದ್ದಾರೆ. ಆಯ್ದಕ್ಕಿ ಮಾರಯ್ಯನು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ತಿರುಗಿ ಅಲ್ಲಿಯೇ ಸುರಿದು ಬರಲು ಹೇಳಿದ ಕಥೆಯನ್ನು ಸ್ಮರಿಸಿರಿ. ಭಕ್ತಿಯ ಹೆಸರಿನಲ್ಲಾದರೂ ಅವಶ್ಯಕ್ಕಿಂತ ಹೆಚ್ಚಿನದು ಆಸೆಯೇ ಎಂದು ಆ ತಾಯಿ ಕಂಡಳು. ನಮ್ಮ ಹಾರ, ನಮ್ಮ ಚಿತ್ರ, ನಮ್ಮ ಮೂರು ಕೊಡದ ಜಳಕ, ಇವೆಲ್ಲ ಆ ಹೆಚ್ಚಿನ ಅಕ್ಕಿಯೇ ಆಗಿದ್ದವು.

ಮರುವರ್ಷ ಅದೇ ಹಳ್ಳಿಗೆ ಹೋದೆವು. ತಪ್ಪಿದ ಲೆಕ್ಕವನ್ನು ಅದೇ ಹಲಗೆಯ ಮೇಲೆ ತಿದ್ದಬೇಕೆಂಬುದು ಶಾಲೆಯ ರೂಢಿ. ಈ ಸಲ ತಿಂಗಳ ಮೊದಲೇ ಇಬ್ಬರು ಶಿಕ್ಷಕರು ಹೋಗಿ ಅದೇ ಕಟ್ಟೆಯ ಮೇಲೆ ಕುಳಿತು, ಏನಾಗಬೇಕೆಂದು ಕೇಳಿದರು. ದನಗಳ ನೀರಿನ ತೊಟ್ಟಿ ಒಡೆದಿದೆ, ಅದನ್ನು ಕಟ್ಟಿಕೊಡಿರಿ ಎಂದರು ಗಂಡಸರು. ವೃದ್ಧಾಪ್ಯ ವೇತನದ ಅರ್ಜಿಯನ್ನು ತುಂಬಿಕೊಡಿರಿ ಎಂದರು ಮುದುಕಿಯರು. ಅಷ್ಟೇ ಒಪ್ಪಿಕೊಂಡೆವು. 45 ಜನರ ಬದಲು 20 ಜನ ಹೋದೆವು. ಜೋಳದ ಹಿಟ್ಟು, ಬೇಳೆ, ಉರುವಲು ನಮ್ಮವೇ. ನೀರನ್ನು ಹುಡುಗರೇ ಸೇದಿ ಹೊತ್ತರು. ತಲೆಗೆ ದಿನಕ್ಕೆ ಒಂದೇ ಕೊಡ. ಊರ ಗೌಂಡಿಯೊಬ್ಬನು ಗುರುವಾಗಿ ನಿಂತು ಕಲ್ಲು ಕೂಡಿಸುವುದನ್ನು ಕಲಿಸಿದ; ಅವನಿಗೆ ಕೂಲಿ ಕೊಟ್ಟೆವು. ಏಕೆಂದರೆ ನಮ್ಮ ಸೇವೆ ಇನ್ನೊಬ್ಬನ ಕಾಯಕವನ್ನು ಕಸಿಯಬಾರದು.

ಸೇವೆಯ ಮೇಲೆ ಸ್ಥಳದರ್ಶನ. ಮೊದಲಿಗೆ ಸೇವೆ, ಬಳಿಕ ದರ್ಶನ ಎಂಬ ಕ್ರಮಕ್ಕೆ ಕಾರಣವುಂಟು. ಕೈ ದುಡಿದ ಮೇಲೆ ಕಣ್ಣು ಬೇರೆಯಾಗಿ ನೋಡುತ್ತದೆ. ಹಳ್ಳಿಯಿಂದ ಹೊರಟವರು ಗದಗಿನ ಬಳಿಯ ಲಕ್ಕುಂಡಿಗೆ ಹೋದೆವು. ಅಲ್ಲಿ ಹನ್ನೊಂದನೆಯ ಶತಮಾನದ ಆರಂಭದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮಜಿನಾಲಯವಿದೆ; ಕಾಶೀವಿಶ್ವೇಶ್ವರನ ಗುಡಿಯಿದೆ; ಮೆಟ್ಟಿಲುಗಳುಳ್ಳ ಹಳೆಯ ಬಾವಿಗಳಿವೆ. ಹಿಂದಿನ ಪ್ರವಾಸಗಳಲ್ಲಿ ಹುಡುಗರು ಬಾವಿಗಳ ಮುಂದೆ ಕ್ಷಣಮಾತ್ರವೂ ನಿಲ್ಲುತ್ತಿರಲಿಲ್ಲ. ನೀರು ಹೊತ್ತು ಬಂದ ಈ ಹುಡುಗರು ಮುಸುಕಿನ ಬಾವಿಯ ಮೆಟ್ಟಿಲುಗಳ ಮೇಲೆ ಬಹಳ ಹೊತ್ತು ಕುಳಿತರು. ಕೊಡ ಹೊತ್ತವಳು ಜಾರದಂತೆ ಮೆಟ್ಟಿಲನ್ನು ಹೇಗೆ ಇರಿಸಿದ್ದಾರೆಂದು ಒಬ್ಬ ಹುಡುಗ ತಾನಾಗಿಯೇ ಅಳೆದು ನೋಡಿದ. ಅಂದು ನಾನು ಪಾಠ ಹೇಳಲಿಲ್ಲ; ಹೇಳಬೇಕಾಗಲಿಲ್ಲ.

ಇಂಥ ಯಾತ್ರೆಯ ಹಳೆಯ ಮಾದರಿಯೊಂದು ನಮ್ಮ ಸೀಮೆಯ ಒಕ್ಕಲುಮಕ್ಕಳಲ್ಲಿ ಇಂದಿಗೂ ಉಳಿದಿದೆ. ಉತ್ತರ ಕನ್ನಡದ ಕಾಡಿನ ನಡುವಿನ ಉಳವಿಯಲ್ಲಿ ಚೆನ್ನಬಸವಣ್ಣನವರ ಸಮಾಧಿಯಿದೆ. ಕಲ್ಯಾಣದ ಕ್ರಾಂತಿಯ ತರುವಾಯ ಶರಣರು ವಚನದ ಕಟ್ಟುಗಳನ್ನು ಕಾಪಾಡಿಕೊಂಡು ಆ ಕಡೆಗೆ ಸಾಗಿದರೆಂದು ಪರಂಪರೆ ಹೇಳುತ್ತದೆ. ಮಾಘಮಾಸದ ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಗಳಿಂದ ಚಕ್ಕಡಿಗಳು ಸಾಲುಗಟ್ಟಿ ಹೊರಡುತ್ತವೆ. ಚಕ್ಕಡಿಯಲ್ಲಿ ಎತ್ತಿಗೆ ಮೇವಿರುತ್ತದೆ, ಮನೆಮಂದಿಗೆ ಕಟಕರೊಟ್ಟಿಯ ಬುತ್ತಿಯಿರುತ್ತದೆ. ಅದರಲ್ಲಿ ಕಾಡುದಾರಿಯ ಸಾಹಸವಿದೆ, ಗವಿಗಳ ದರ್ಶನವಿದೆ, ದಾರಿಯಲ್ಲಿ ಅನ್ನ ಹಂಚುವ ದಾಸೋಹವಿದೆ. ತನ್ನ ಹೊರೆಯನ್ನು ತಾನೇ ಹೊತ್ತು ನಡೆಯುವುದೇ ಅದರ ಮುಖ್ಯ ಲಕ್ಷಣ.

ಇನ್ನು ಸಾಹಸದ ಮಾತು. ತರುಣರಿಗೆ ಸಾಹಸ ಬೇಕು. ಅಂಜಿಕೆಯನ್ನು ಗೆಲ್ಲದವನು ಸತ್ಯದ ಪರವಾಗಿ ನಿಲ್ಲಲಾರ. ಬಾದಾಮಿಯ ಮರಳುಗಲ್ಲಿನ ಬಂಡೆಗಳು ಶಿಲಾರೋಹಣಕ್ಕೆ ಹೆಸರಾಗಿವೆ. ದಾಂಡೇಲಿಯ ಸುತ್ತ ಕಾಳಿ ನದಿ ರಬ್ಬರ್ ದೋಣಿಯ ವಿಹಾರಕ್ಕೆ ಹೆಸರಾಗಿದೆ. ಆದರೆ ಕಾಳಿಯ ಹರಿವು ಮೇಲಿನ ಸೂಪಾ ಅಣೆಕಟ್ಟಿನಿಂದ ಬಿಡುವ ನೀರನ್ನು ಅವಲಂಬಿಸಿದೆ. ಅದನ್ನರಿತ ಸ್ಥಳೀಯ ತಜ್ಞನಿಲ್ಲದೆ, ತೇಲಂಗಿಯೂ ಶಿರಸ್ತ್ರಾಣವೂ ಇಲ್ಲದೆ ಮಕ್ಕಳನ್ನು ಇಳಿಸುವುದು ಸಾಹಸವಲ್ಲ, ಅವಿವೇಕ. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಲ್ಲಿ ಮುಳುಗಿ ತೀರಿಕೊಂಡರು. ಆ ನಾಲ್ಕು ಮನೆಗಳ ನೋವನ್ನು ನೆನೆದಾದರೂ, ನೀರಿನ ದಡದಲ್ಲಿ ಮಕ್ಕಳನ್ನು ಎಣಿಸುವ ಕೆಲಸವನ್ನು ಶಿಕ್ಷಕನು ಜಪದಷ್ಟೇ ನಿಷ್ಠೆಯಿಂದ ಮಾಡಬೇಕು.

ಇನ್ನೊಂದು ಎಚ್ಚರಿಕೆ. ಅನಾಥ ಮಕ್ಕಳ ಆಶ್ರಮಕ್ಕೆ ಒಂದು ಮಧ್ಯಾಹ್ನ ಹೋಗಿ, ಮಕ್ಕಳನ್ನೆತ್ತಿ ಮುದ್ದಿಸಿ, ಮಿಠಾಯಿ ಹಂಚಿ ಬರುವುದನ್ನು ಸೇವೆಯೆಂದು ಅನೇಕರು ಎಣಿಸುತ್ತಾರೆ. ವಾರಕ್ಕೊಂದು ತಂಡ ಬಂದು ಪ್ರೀತಿ ತೋರಿಸಿ ಮರೆಯಾದರೆ ಆ ಎಳೆಯ ಮನಸ್ಸಿಗೆ ಆಗುವ ಗಾಯವನ್ನು ಯೋಚಿಸಿರಿ. ಇಂಥ ಸಂದರ್ಶಕರ ಹಣಕ್ಕಾಗಿಯೇ ತಂದೆತಾಯಿಗಳಿರುವ ಮಕ್ಕಳನ್ನು ಅನಾಥಾಲಯಗಳಿಗೆ ಸೇರಿಸುವ ದಂಧೆ ಕೆಲವು ದೇಶಗಳಲ್ಲಿ ಬೆಳಕಿಗೆ ಬಂದಿದೆ. ಆಸ್ಟ್ರೇಲಿಯಾ ದೇಶವು 2018ರಲ್ಲಿ ಇದನ್ನು ಆಧುನಿಕ ಗುಲಾಮಗಿರಿಯ ಒಂದು ರೂಪವೆಂದು ಪರಿಗಣಿಸಿತು. ನೊಂದವರು ನೋಡುವ ವಸ್ತುವಲ್ಲ.

ಆದಕಾರಣ ಗೃಹಸ್ಥರಲ್ಲಿ ನನ್ನ ವಿನಂತಿಯಿಷ್ಟೆ. ಮಗನನ್ನೋ ಮಗಳನ್ನೋ ಕಳಿಸುವ ಮುನ್ನ ಕರೆದೊಯ್ಯುವವರನ್ನು ನಾಲ್ಕು ಮಾತು ಕೇಳಿರಿ. ಈ ಕೆಲಸವನ್ನು ಆ ಊರವರು ಕೇಳಿದ್ದಾರೆಯೇ? ಮಕ್ಕಳ ಅನ್ನ-ನೀರಿನ ಹೊರೆ ಯಾರದು? ನೀವು ತಿರುಗಿ ಬಂದ ಮೇಲೆ ಆ ಕೆಲಸವನ್ನು ಕಾಯುವವರು ಯಾರು? ಹೊಳೆಯ ದಡದಲ್ಲಿ ಮಕ್ಕಳ ಜೊತೆಗೆ ನಿಲ್ಲುವ, ಈಜು ಬಲ್ಲ ಹಿರಿಯರೆಷ್ಟು ಜನ? ಇವಕ್ಕೆ ನೇರವಾದ ಉತ್ತರ ದೊರೆತರೆ ಸಂತೋಷದಿಂದ ಕಳಿಸಿರಿ. ತಡವರಿಸಿದರೆ, ಆ ವರ್ಷ ಮಗನು ನಿಮ್ಮ ಓಣಿಯ ಗಟಾರವನ್ನೇ ಬಳಿಯಲಿ, ಅದೂ ಸೇವೆಯೇ.

ಎರಡನೆಯ ಸಲ ಆ ಹಳ್ಳಿಯಿಂದ ಹೊರಡುವಾಗಲೂ ಅಜ್ಜಿ ಕಟ್ಟೆಯ ಮೇಲೆಯೇ ಇದ್ದಳು. ಈ ಸಲ ಹಾರವಿರಲಿಲ್ಲ, ಸಭೆಯಿರಲಿಲ್ಲ. ನಾನೇ ಹೋಗಿ ಕೈಮುಗಿದು, “ಹ್ಯಾಂಗಾತವ್ವ?” ಎಂದು ಕೇಳಿದೆ.

“ನೀವು ಬಂದದ್ದೂ ಗೊತ್ತಾಗಲಿಲ್ಲ, ಇದ್ದದ್ದೂ ಗೊತ್ತಾಗಲಿಲ್ಲ” ಎಂದಳು. “ತೊಟ್ಟ್ಯಾಗ ನೀರು ನಿಂತದ್ದಷ್ಟ ಕಾಣತೈತಿ.”