ರಾಜಕೀಯ ಸ್ಥಿರತೆ ಮತ್ತು ವಾಯುಮಾರ್ಗದ ಸುರಕ್ಷತೆ: ವರ್ತಕರು ತಿಳಿದಿರಬೇಕಾದದ್ದು

ವಿಮಾನದ ಮೂಲಕ ಸರಕು ರವಾನಿಸುವ ವರ್ತಕರು ಸಾಗಣೆ ದರವನ್ನೂ ತಲುಪುವ ದಿನವನ್ನೂ ವಿಚಾರಿಸುತ್ತಾರೆ. ವಿಮಾನವು ಯಾವ ದೇಶಗಳ ಮೇಲೆ ಹಾದುಹೋಗುವುದೆಂದು ಕೇಳುವವರು ವಿರಳ. ಮಾರ್ಗ ತೆರೆದಿದ್ದರೆ ಸುರಕ್ಷಿತವೇ ಇರಬೇಕೆಂಬುದು ಸಾಮಾನ್ಯ ನಂಬಿಕೆ.

ಈ ನಂಬಿಕೆ ಎಷ್ಟು ದುರ್ಬಲವೆಂಬುದು 2014ರಲ್ಲಿ ಉಕ್ರೇನಿನಲ್ಲಿ ಕಂಡುಬಂತು. ಆ ವರ್ಷದ ಆರಂಭದಲ್ಲಿ ಅಲ್ಲಿನ ಸರ್ಕಾರ ಪತನಗೊಂಡು, ಪೂರ್ವಭಾಗದಲ್ಲಿ ಸಶಸ್ತ್ರ ಸಂಘರ್ಷ ಪ್ರಾರಂಭವಾಯಿತು. ಜುಲೈ 14ರಂದು ಸೇನೆಯ ಆಂಟೊನೊವ್-26 ಸಾಗಣೆ ವಿಮಾನವನ್ನು ಹೊಡೆದುರುಳಿಸಲಾಯಿತು. ಅದು ಆರು ಸಾವಿರ ಮೀಟರಿಗೂ ಹೆಚ್ಚು ಎತ್ತರದಲ್ಲಿತ್ತೆಂದು ಅಧಿಕಾರಿಗಳೇ ಹೇಳಿದ್ದರು. ಹೆಗಲಮೇಲಿಟ್ಟು ಹಾರಿಸುವ ಕ್ಷಿಪಣಿಗೆ ಅಷ್ಟು ಎತ್ತರ ನಿಲುಕದು. ಆದರೂ ಆಕಾಶವನ್ನು ಪೂರ್ಣವಾಗಿ ಮುಚ್ಚದೆ, 32,000 ಅಡಿಯವರೆಗೆ ಮಾತ್ರ ನಿರ್ಬಂಧಿಸಲಾಯಿತು. ಮೂರು ದಿನಗಳ ನಂತರ 33,000 ಅಡಿಯಲ್ಲಿ ಹಾರುತ್ತಿದ್ದ ಮಲೇಷ್ಯಾ ಏರ್‌ಲೈನ್ಸ್‌ನ ಎಂಎಚ್-17 ವಿಮಾನವು ಬುಕ್ ಕ್ಷಿಪಣಿಗೆ ಬಲಿಯಾಗಿ 298 ಮಂದಿ ಅಸುನೀಗಿದರು. ಕೇವಲ ಒಂದು ಸಾವಿರ ಅಡಿಯ ಅಂತರ! ಆಗ ಅದೇ ವಲಯದಲ್ಲಿ ಏರ್ ಇಂಡಿಯಾದ ದೆಹಲಿ-ಬರ್ಮಿಂಗ್‌ಹ್ಯಾಮ್ ವಿಮಾನವೂ ಇತ್ತು.

ಆಕಾಶವನ್ನು ಮುಚ್ಚಲು ಸಾಕಷ್ಟು ಕಾರಣಗಳಿದ್ದವೆಂದು ಡಚ್ ಸುರಕ್ಷತಾ ಮಂಡಳಿಯು 2015ರ ವರದಿಯಲ್ಲಿ ಅಭಿಪ್ರಾಯಪಟ್ಟಿತು. ಸಂಘರ್ಷದಲ್ಲಿರುವ ರಾಷ್ಟ್ರಗಳು ತಾವಾಗಿಯೇ ವಾಯುಮಾರ್ಗ ಮುಚ್ಚುವುದು ಅಪರೂಪವೆಂದೂ ಅದು ಗಮನಿಸಿತು. 1944ರ ಷಿಕಾಗೊ ಒಪ್ಪಂದದಂತೆ ತನ್ನ ಆಕಾಶದ ಮೇಲೆ ಪೂರ್ಣ ಅಧಿಕಾರ ಆಯಾ ರಾಷ್ಟ್ರದ್ದೇ. ಆಡಳಿತ ಅಲುಗಾಡುತ್ತಿರುವಾಗಲೂ ಆ ಅಧಿಕಾರ ಕೈತಪ್ಪದು. ತಪ್ಪುವುದು ಅದನ್ನು ಸಕಾಲದಲ್ಲಿ ಚಲಾಯಿಸುವ ಶಕ್ತಿ. ವಿಮಾನ ಸಂಸ್ಥೆಗಳಾದರೋ ಆ ನಿರ್ಧಾರವನ್ನೇ ನೆಚ್ಚಿದ್ದವು. ದುರಂತದ ದಿನ ಮಾರ್ಗ ಮುಚ್ಚುವ ಮುನ್ನ ಸುಮಾರು 160 ವಿಮಾನಗಳು ಆ ಪ್ರದೇಶದ ಮೇಲೆ ಹಾರಿದ್ದವು.

ಇಂತಹ ಸಂದರ್ಭದಲ್ಲಿ ಸರಕಿನ ನಷ್ಟವನ್ನು ಯಾರು ಭರಿಸಬೇಕು? ಭಾರತವೂ ಸೇರಿರುವ 1999ರ ಮಾಂಟ್ರಿಯಲ್ ಒಪ್ಪಂದದ 18ನೇ ವಿಧಿಯನ್ವಯ, ಯುದ್ಧ ಅಥವಾ ಸಶಸ್ತ್ರ ಸಂಘರ್ಷದಿಂದಾದ ಸರಕಿನ ಹಾನಿಗೆ ವಿಮಾನ ಸಂಸ್ಥೆಯು ಹೊಣೆಯಲ್ಲ. ವಾಯು ಸಾಗಣೆಯ ಸಾಮಾನ್ಯ ಸರಕು ವಿಮೆಯೂ ಯುದ್ಧಾಪಾಯವನ್ನು ಹೊರಗಿಡುತ್ತದೆ. ಪಾಲಿಸಿಯ ಮೇಲೆ 'ಆಲ್ ರಿಸ್ಕ್ಸ್' ಎಂದಿರುವುದನ್ನು ನೋಡಿಯೇ ನಿಶ್ಚಿಂತರಾಗುವವರು ಈ ಷರತ್ತನ್ನು ಒಮ್ಮೆ ಓದಿನೋಡುವುದೊಳಿತು. ಯುದ್ಧಾಪಾಯದ ರಕ್ಷಣೆಯನ್ನು ಹೆಚ್ಚುವರಿ ಪ್ರೀಮಿಯಂ ತೆತ್ತು ಪ್ರತ್ಯೇಕವಾಗಿ ಪಡೆಯಬೇಕು. ಅದೂ ಮುಖ್ಯವಾಗಿ ಸರಕು ವಿಮಾನದಲ್ಲಿರುವಾಗ ಮಾತ್ರ ಅನ್ವಯ; ಗೋದಾಮಿನಲ್ಲಿದ್ದಾಗ ಇಲ್ಲ. ವಿಮಾ ಕಂಪನಿಯು ರೂಢಿಯ ಷರತ್ತಿನಂತೆ ಏಳು ದಿನಗಳ ಸೂಚನೆ ನೀಡಿ ಇದನ್ನು ರದ್ದುಪಡಿಸಬಹುದು. ಆದರೆ ಸೂಚನೆಯ ಅವಧಿ ಮುಗಿಯುವ ಮುನ್ನ ರಕ್ಷಣೆ ಆರಂಭವಾಗಿರುವ ಸರಕಿಗೆ ಆ ರದ್ದತಿ ತಟ್ಟದು. ಆದುದರಿಂದ ರವಾನೆಯ ದಿನಾಂಕವನ್ನು ದಾಖಲೆ ಸಹಿತ ಖಚಿತಪಡಿಸಿಕೊಳ್ಳತಕ್ಕದ್ದು.