ವೇದಿಕೆ ಕೊಡುವವರ ಹೊಣೆ

ಅಗಲಿದ ತಂದೆ-ತಾಯಿಯ ನೆನಪಿಗಾಗಿ ನಾವು ಬಲಿಪೂಜೆ ಅರ್ಪಿಸುತ್ತೇವೆ, ಬಡವರಿಗೆ ಊಟ ಹಾಕಿಸುತ್ತೇವೆ. ಅದೇ ನೆನಪಿನಲ್ಲಿ ಊರಿಗೊಬ್ಬ ಲೇಖಕರನ್ನು ಕರೆಸಿ ಜನರೊಡನೆ ಮಾತಿಗೆ ಕೂಡಿಸಿದರೆ ಹೇಗೆ?

ಇದು ಹೊಸ ಪದ್ಧತಿಯಲ್ಲ. 1915ರಲ್ಲಿ ಸ್ಥಾಪನೆಯಾದ ಕನ್ನಡ ಸಾಹಿತ್ಯ ಪರಿಷತ್ತಿನಲ್ಲಿ ‘ದತ್ತಿ ಉಪನ್ಯಾಸ’ಗಳು ನಡೆಯುತ್ತವೆ. ಕುಟುಂಬವೊಂದು ಹಿರಿಯರ ಹೆಸರಿನಲ್ಲಿ ಹಣ ಕೊಡುತ್ತದೆ. ಅಸಲು ಠೇವಣಿಯಲ್ಲಿ ಉಳಿಯುತ್ತದೆ, ಬಡ್ಡಿಯಿಂದ ಉಪನ್ಯಾಸ ನಡೆಯುತ್ತದೆ. ಯಾವ ವಿಷಯದ ಮೇಲೆ ಮಾತು ಎಂಬುದನ್ನು ದಾನಿ ಸೂಚಿಸಬಹುದು. ಆದರೆ ಬಂದವರು ಏನು ಹೇಳಬೇಕೆಂದು ದಾನಿ ಹೇಳಿಕೊಡಬಾರದು. ಇದೇ ಇಂದಿನ ಪಾಠ.

ವಿಜಯಪುರದವರಾದ ನಮಗೆ ಈ ಪಾಠ ದೂರದ್ದಲ್ಲ. ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಈ ನಗರದಲ್ಲಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದರು, ಮರುವರ್ಷ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ಸ್ವಂತ ಹಣ ಸುರಿದು ವಚನಗಳನ್ನು ಜನರ ಕೈಗೆ ತಲುಪಿಸಿದರು. ಮುಂದೆ ಇದೇ ಜಿಲ್ಲೆಯ ಸಂಶೋಧಕ ಎಂ.ಎಂ. ಕಲಬುರ್ಗಿಯವರು ಆ ಶರಣರ ಚರಿತ್ರೆಯನ್ನು ಕುರಿತು ಬರೆದಾಗ ಕೆಲವರಿಗೆ ನೋವಾಯಿತು. 1989ರಲ್ಲಿ ಒತ್ತಡಕ್ಕೆ ಮಣಿದು ಅವರು ಬರಹದ ಭಾಗವನ್ನು ಹಿಂತೆಗೆದುಕೊಂಡರು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಬಾಗಿಲಲ್ಲೇ ಗುಂಡಿಟ್ಟು ಕೊಲ್ಲಲಾಯಿತು. ಅವರನ್ನು ಒಪ್ಪದವರಿಗೆ ಪ್ರಶ್ನೆ ಕೇಳುವ, ಉತ್ತರ ಬರೆಯುವ ದಾರಿ ತೆರೆದೇ ಇತ್ತು. ಆ ದಾರಿಯನ್ನು ಸವೆಸಿ ಇಡುವುದು ನಮ್ಮೆಲ್ಲರ ಕೆಲಸ.

ನಮ್ಮ ಕಡೆ ಪ್ರವಚನ ಕೇಳುವ ರೂಢಿ ಚೆನ್ನಾಗಿಯೇ ಇದೆ. ತಿಕೋಟಾ ಬಳಿಯ ಬಿಜ್ಜರಗಿಯಲ್ಲಿ ಹುಟ್ಟಿ 2023ರ ಜನವರಿ 2ರಂದು ಅಗಲಿದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಮಾತಿಗೆ ಸಾವಿರಾರು ಜನ ಸದ್ದಿಲ್ಲದೆ ಕೂಡುತ್ತಿದ್ದರು. ಕೇಳುವ ಆ ತಾಳ್ಮೆ ದೊಡ್ಡದು. ಸಂವಾದಕ್ಕೆ ಇನ್ನೂ ಒಂದು ಗುಣ ಬೇಕು: ಒಪ್ಪದ ಮಾತಿಗೆ ಸಿಟ್ಟಿಲ್ಲದೆ ಉತ್ತರಿಸುವುದು.

ಹಾಗಾದರೆ ಏನು ಮಾಡಬೇಕು?

1. ಲೇಖಕರು ಬರುವ ಮೂರು ವಾರ ಮೊದಲೇ ಅವರ ಪುಸ್ತಕದ ನಾಲ್ಕಾರು ಪ್ರತಿಗಳು ಮನೆಯಿಂದ ಮನೆಗೆ ಓಡಾಡಲಿ. ಓದದೆ ಎದ್ದ ಪ್ರಶ್ನೆ ಬಹುಮಟ್ಟಿಗೆ ಜಗಳವೇ.

2. ತಿಕೋಟಾ, ಬಬಲೇಶ್ವರಗಳಲ್ಲಿ ಅಕ್ಟೋಬರ್ ದ್ರಾಕ್ಷಿ ಚಾಟ್ನಿಯ ಕಾಲ, ಫೆಬ್ರುವರಿಯಿಂದ ಕಟಾವು. ಆ ದಿನಗಳನ್ನು ಬಿಡಿ. ರೈತರಿಲ್ಲದ ಸಭೆ ಊರಿನ ಸಭೆಯಲ್ಲ.

3. ಅರ್ಧ ಹೊತ್ತು ಲೇಖಕರಿಗೆ, ಅರ್ಧ ಹೊತ್ತು ಸಭಿಕರಿಗೆ. ಹಾರ-ಶಾಲು, ಸ್ವಾಗತ ಭಾಷಣಗಳು ಹತ್ತು ನಿಮಿಷ ಮೀರದಿರಲಿ.

4. ಪ್ರಶ್ನೆ ಬರಹದ ಮೇಲಿರಲಿ. ಬರೆದವರ ಜಾತಿ, ಧರ್ಮ, ಮನೆತನದ ಮೇಲೆ ಬೇಡ. ಆಕ್ಷೇಪಿಸುವವರು ‘ನೀವು ಹೇಳಿದ್ದು ಹೀಗಲ್ಲವೇ?’ ಎಂದು ಮೊದಲು ಕೇಳಲಿ. ಲೇಖಕರು ಹೌದೆಂದ ಮೇಲೆ ತಮ್ಮ ಮಾತು ಹೇಳಲಿ.

ಇಷ್ಟೆಲ್ಲ ಸುಲಭವೆಂದು ತೋರಬಹುದು. ಪ್ರಶ್ನೆ ನಮ್ಮ ನಂಬಿಕೆಯ ಕಡೆಗೇ ತಿರುಗಿದ ದಿನ ನಿಜವಾದ ಪರೀಕ್ಷೆ. ಹಣ ಕೊಟ್ಟವರು ನಾವೇ ಎಂದು ಅಂದು ಮೈಕು ಕಸಿದುಕೊಂಡರೆ ತಂದೆಯ ಹೆಸರಿನಲ್ಲಿ ಇಟ್ಟ ದತ್ತಿಗೆ ಬೆಲೆ ಉಳಿಯದು. ಕೂತು ಕೇಳಿ, ಆಮೇಲೆ ನಮ್ಮ ಉತ್ತರವನ್ನು ಸಮಾಧಾನದಿಂದ ಹೇಳಿದರೆ ಅದೇ ಒಳ್ಳೆಯ ಸಾಕ್ಷ್ಯ.

ಮನೆಯಲ್ಲಿ ಚರ್ಚಿಸಿ: ಊಟದ ಹೊತ್ತಿನಲ್ಲಿ ಮಕ್ಕಳು ನಮ್ಮ ಮಾತನ್ನು ಒಪ್ಪದಿದ್ದಾಗ ಪೂರ್ತಿ ಕೇಳುತ್ತೇವೆಯೇ? ಹಿರಿಯರ ಹೆಸರಿನಲ್ಲಿ ಯಾವ ಲೇಖಕರನ್ನು ಕರೆಸಲು ಬಯಸುತ್ತೇವೆ? ನಾವು ಒಪ್ಪದ ಒಬ್ಬರನ್ನೂ ಕರೆಸುವ ಧೈರ್ಯ ನಮಗಿದೆಯೇ?